ಡ್ರಮ್ಮರ್ ಬೆನ್ನು ಹಿಡಿದವರು

ನೋಎಫ್ಎಕ್ಸ್ ಪಂಕ್ ತಂಡ 2024ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್‌ನ ಸ್ಯಾನ್ ಪೆಡ್ರೊದಲ್ಲಿ ಕೊನೆಯ ಬಾರಿಗೆ ವೇದಿಕೆ ಹತ್ತಿತು. ಅದರ ಹಾಡುಗಾರ ಫ್ಯಾಟ್ ಮೈಕ್, ಎರಿನ್ ಬರ್ಕೆಟ್ ಜೊತೆ 1990ರಲ್ಲಿ ಕಟ್ಟಿದ್ದ ಫ್ಯಾಟ್ ರೆಕ್ ಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿ 2025ರಲ್ಲಿ ಹೋಪ್‌ಲೆಸ್ ರೆಕಾರ್ಡ್ಸ್ ಕೈಸೇರಿತು. 1982ರಿಂದ ಬರುತ್ತಿದ್ದ ಮ್ಯಾಕ್ಸಿಮಮ್ ರಾಕ್‌ನ್‌ರೋಲ್ ಪತ್ರಿಕೆಯ ಮುದ್ರಣ 2019ರಲ್ಲೇ ನಿಂತಿದೆ. ಹೊಸ ಪಂಕ್ ತಂಡಗಳ ಹೆಸರು ಕಿವಿಗೆ ಬೀಳುತ್ತಿದ್ದ ಹಳೆಯ ದಾರಿಗಳು ಹೀಗೆ ಒಂದೊಂದಾಗಿ ಮುಚ್ಚಿರುವಾಗ, ಕಳೆದ ಮೂರು ದಶಕಗಳ ಲೆಕ್ಕ ತೆಗೆಯಲು ಇದು ಸರಿಯಾದ ಹೊತ್ತು.

1994ರಲ್ಲಿ ಎಪಿಟಾಫ್ ಕಂಪನಿಯ ಆಫ್‌ಸ್ಪ್ರಿಂಗ್ ತಂಡದ 'ಸ್ಮ್ಯಾಶ್' ಆಲ್ಬಮ್ ಹೊರಬಂತು. ಮುಂದೆ ಕೋಟಿ ಪ್ರತಿ ದಾಟಿ ಮಾರಾಟವಾಯಿತು. ಅದೇ ವರ್ಷ ಎಪಿಟಾಫ್ 'ಪಂಕ್-ಓ-ರಾಮಾ'ವನ್ನೂ ಫ್ಯಾಟ್ ರೆಕ್ 'ಫ್ಯಾಟ್ ಮ್ಯೂಸಿಕ್ ಫಾರ್ ಫ್ಯಾಟ್ ಪೀಪಲ್' ಅನ್ನೂ ಹೊರತಂದವು. ತಮ್ಮದೇ ತಂಡಗಳ ಹಾಡು ತುಂಬಿದ ಅಗ್ಗದ ಸಂಕಲನಗಳು. ಕೇಳುಗರು ಕಾಸು ಕೊಟ್ಟು ಕೊಂಡ ಜಾಹೀರಾತು ಎಂದರೂ ತಪ್ಪಿಲ್ಲ. 1999ರಲ್ಲಂತೂ ಫ್ಯಾಟ್ ರೆಕ್ ಒಂದೇ ಸಿ.ಡಿ.ಯಲ್ಲಿ 101 ತಂಡಗಳನ್ನು, ತಲಾ ಅರ್ಧ ನಿಮಿಷದಂತೆ ತುರುಕಿತು. ಆದರೆ ಈ ಸಂಕಲನಗಳಲ್ಲಿ ಕ್ಯಾಲಿಫೋರ್ನಿಯಾದ ಹುಡುಗರ ದನಿಯೇ ಹೆಚ್ಚು. ನಾಲ್ಕು ಹಾಡು ಕೇಳುವಷ್ಟರಲ್ಲಿ ಐದನೆಯದು ಯಾರದೆಂಬ ಗೊಂದಲ.

ನನ್ನ ಮಟ್ಟಿಗೆ ಸಂಕಲನಗಳಿಗಿಂತ ಹೆಚ್ಚು ಕೊಟ್ಟದ್ದು ಕವರಿನ ಹಿಂಬದಿಯ ಸಣ್ಣಕ್ಷರ. ಯಾರು ನುಡಿಸಿದರು, ಎಲ್ಲಿ ಧ್ವನಿಮುದ್ರಣವಾಯಿತು, ಯಾರಿಗೆಲ್ಲ ಧನ್ಯವಾದ. ಹಾರ್ಡ್‌ಕೋರ್‌ನ ಓಟಕ್ಕೂ ಅರಚಾಟಕ್ಕೂ ಗುನುಗಬಹುದಾದ ರಾಗ ಕೂಡಿಸಿದ ಮೆಲೊಡಿಕ್ ಹಾರ್ಡ್‌ಕೋರ್‌ನಲ್ಲಿ ಜನ ಕಡಿಮೆ, ತಂಡಗಳು ಜಾಸ್ತಿ. ಡ್ಯಾಗ್ ನ್ಯಾಸ್ಟಿಯ 'ಕ್ಯಾನ್ ಐ ಸೇ' (1986) ಆಲ್ಬಮ್ ಅಂದರೆ ಅರಸೀಕೆರೆ ಜಂಕ್ಷನ್ನೇ. ಗಿಟಾರಿನ ಬ್ರಯಾನ್ ಬೇಕರ್ ಜಾಡು ಹಿಡಿದು ಹಿಂದೆ ಹೋದರೆ ವಾಷಿಂಗ್ಟನ್ನಿನ ಮೈನರ್ ಥ್ರೆಟ್, ಮುಂದೆ ಬಂದರೆ ಬ್ಯಾಡ್ ರಿಲಿಜನ್. ಹಾಡುಗಾರ ಡೇವ್ ಸ್ಮಾಲಿಯನ್ನು ಹಿಂಬಾಲಿಸಿದರೆ ಮೊದಲು ಆಲ್ ತಂಡ, ಆಮೇಲೆ ಡೌನ್ ಬೈ ಲಾ.

ಆಲ್ ಸಿಕ್ಕಿತೆಂದರೆ ಬಿಲ್ ಸ್ಟೀವನ್‌ಸನ್ ಸಿಕ್ಕಂತೆಯೇ. ಡಿಸೆಂಡೆಂಟ್ಸ್‌ಗೂ ಬ್ಲ್ಯಾಕ್ ಫ್ಲ್ಯಾಗ್‌ಗೂ ಡ್ರಮ್ಸ್ ಬಾರಿಸಿದವನು ಇವನು. 1994ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಶುರುವಾದ ಬ್ಲಾಸ್ಟಿಂಗ್ ರೂಮ್ ಸ್ಟುಡಿಯೊ ಇವನ ಬಳಗದ್ದು. ಶಿಕಾಗೋದ ರೈಸ್ ಅಗೆನ್ಸ್ಟ್, ಮ್ಯಾಸಚೂಸೆಟ್ಸ್‌ನ ಎ ವಿಲ್ಹೆಲ್ಮ್ ಸ್ಕ್ರೀಮ್ ಅಲ್ಲಿ ಹಾಡು ಮುದ್ರಿಸಿದವು. ಆ ಸ್ಟುಡಿಯೊ ಹೆಸರು ನೋಡಿ ಕೊಂಡ ಹೊಸ ತಂಡ ನಿರಾಸೆ ಮಾಡಿದ್ದು ಅಪರೂಪ. ಪೂರ್ವ ತೀರದಲ್ಲಿ ಇಂಥದೇ ಹೆಸರು ಡ್ಯಾನ್ ಯೆಮಿನ್: ಲೈಫ್‌ಟೈಮ್, ಕಿಡ್ ಡೈನಮೈಟ್, ಪೇಂಟ್ ಇಟ್ ಬ್ಲ್ಯಾಕ್. ಫ್ಯಾಟ್ ರೆಕ್ ಅಮೆರಿಕಕ್ಕೆ ಪರಿಚಯಿಸಿದ ಹೈ-ಸ್ಟಾಂಡರ್ಡ್‌ನ ಗಿಟಾರಿಗ ಕೆನ್ ಯೊಕೊಯಾಮಾ ನಡೆಸುವ ಪಿಜ್ಜಾ ಆಫ್ ಡೆತ್ ಕಂಪನಿಯ ಪಟ್ಟಿ ಹಿಡಿದರೆ ಜಪಾನಿನ ಪಂಕ್ ಬಾಗಿಲು ತೆರೆಯುತ್ತದೆ.

ಈಗ ಕ್ಯಾಸೆಟ್ಟಿಲ್ಲ, ಕವರಿಲ್ಲ. ಆ್ಯಪ್‌ಗಳ ಶಿಫಾರಸನ್ನು ಹೀಗಳೆಯುವುದು ನಮ್ಮ ವಯಸ್ಸಿನವರ ಚಟ. ಆದರೆ ಇಂಡೋನೇಷ್ಯಾದ ತಂಡವೊಂದು ಮನೆಬಾಗಿಲಿಗೆ ಬರುವಂತಾದದ್ದು ಅವುಗಳಿಂದಲೇ. ಸದ್ದು ಹೋಲುವ ತಂಡಗಳನ್ನು ಅವು ಸಲೀಸಾಗಿ ಹುಡುಕಿಕೊಡುತ್ತವೆ. ಒಬ್ಬನೇ ಮನುಷ್ಯ ಎರಡು ಬೇರೆ ಸದ್ದುಗಳಲ್ಲಿ ಇದ್ದಾನೆಂಬುದನ್ನು ಮಾತ್ರ ನಾವೇ ಪತ್ತೆಹಚ್ಚಬೇಕು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಡಿನ ಕೆಳಗೆ ತಂಡದವರು ಬರೆದುಕೊಳ್ಳುವ ನಾಲ್ಕು ಸಾಲು ಅದಕ್ಕೆ ಸಾಕು.

ಬಾಲ್ಟಿಮೋರಿನ ಟರ್ನ್‌ಸ್ಟೈಲ್ ತಂಡವನ್ನೇ ನೋಡಿ. ಅದನ್ನು ಹಾರ್ಡ್‌ಕೋರ್ ಎನ್ನಬಹುದೇ ಎಂಬ ಜಗಳ ಬೇರೆ ಇದೆ, ಇರಲಿ. ಅದರ ಹಾಡುಗಾರ ಬ್ರೆಂಡನ್ ಯೇಟ್ಸ್ ಮೊದಲು ಟ್ರ್ಯಾಪ್ಡ್ ಅಂಡರ್ ಐಸ್‌ನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಅಲ್ಲಿ ಹಾಡುತ್ತಿದ್ದ ಜಸ್ಟಿಸ್ ಟ್ರಿಪ್ ಈಗ ಏಂಜಲ್ ಡಸ್ಟ್ ತಂಡದಲ್ಲಿದ್ದಾನೆ. ಟರ್ನ್‌ಸ್ಟೈಲ್ ಮೆಚ್ಚಿದವರು ಮುಂದೆ ಕೇಳಬೇಕಾದದ್ದು ಅದನ್ನು.