ಗುಂಯ್‌ಗುಡುವ ಕಂಪ್ಯೂಟರ್

ರಾತ್ರಿ ಮಕ್ಕಳು ಓದಲು ಕಂಪ್ಯೂಟರ್ ಹಚ್ಚಿದರೆ ಪಕ್ಕದ ಕೋಣೆಯಲ್ಲಿ ಕಾಯಿಲೆಯ ಅತ್ತೆಗೆ ನಿದ್ದೆಯಿಲ್ಲ. ಹಳೆಯ ಡೆಸ್ಕ್‌ಟಾಪ್ ಇರುವ ಎಷ್ಟೋ ಮನೆಗಳ ಪಾಡಿದು. ಹೊಸದು ಕೊಳ್ಳುವ ಮೊದಲು ಸ್ವಲ್ಪ ತಾಳಿ, ಸಹೋದರಿಯರೇ. ಸದ್ದು ಹೆಚ್ಚಾಗಿ ಒಳಗಿನ ಫ್ಯಾನಿನದು. ಪ್ರೊಸೆಸರ್ ಬಿಸಿಯಾದಷ್ಟೂ ಅದು ಜೋರಾಗಿ ತಿರುಗುತ್ತದೆ. ಅದರಡಿಯ ಲೋಹದ ಪಟ್ಟಿಗಳ ಸಂದಿನಲ್ಲಿ ಧೂಳು ಕಟ್ಟಿದರೆ ಬಿಸಿ ಹೊರಹೋಗದು, ಫ್ಯಾನು ಸುಮ್ಮನಾಗದು. ನಮ್ಮ ಕೊಡಗಿನ ಮಳೆಗಾಲದ ತೇವಕ್ಕೆ ಆ ಧೂಳು ಕಲಸಿದ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ.

ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಫ್ಯಾನಿನ ಎಸಳನ್ನು ಬೆರಳಲ್ಲಿ ಹಿಡಿದುಕೊಂಡು ಒಣ ಬ್ರಷ್ ಆಡಿಸಿ. ಒದ್ದೆ ಬಟ್ಟೆ ಬೇಡ. ಪವರ್ ಸಪ್ಲೈ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಇನ್ನೂ ಸದ್ದಿದೆಯೇ? ಆನ್ ಮಾಡಿದೊಡನೆ ಡಿಲೀಟ್ ಅಥವಾ ಎಫ್ 2 ಕೀಲಿ ಒತ್ತಿದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಬಯೋಸ್ ತೆರೆಯುತ್ತದೆ. ಅಲ್ಲಿ ಫ್ಯಾನ್ ಕಂಟ್ರೋಲ್ ಇದ್ದರೆ ‘ಸೈಲೆಂಟ್’ ಆರಿಸಿ. 4 ಪಿನ್ನಿನ ಫ್ಯಾನಾದರೆ ವೇಗ ಸಲೀಸಾಗಿ ಇಳಿಯುತ್ತದೆ. 3 ಪಿನ್ನಿನದಕ್ಕೆ ವೋಲ್ಟೇಜ್ ತಗ್ಗಿಸಬೇಕು, ಎಲ್ಲ ಬೋರ್ಡಿಗೂ ಅದು ಬಾರದು. ಬೇಸಿಗೆಯ ರಾಯಚೂರಿನವರಿಗೆ ಈ ಸಲಹೆ ಕೊಡಲು ಹಿಂಜರಿದೇನು, ಮಡಿಕೇರಿಯ ಚಳಿಯಲ್ಲಿ ಅಂಜಿಕೆಯಿಲ್ಲ. ಆದರೂ ಒಂದು ವಾರ ಉಷ್ಣಾಂಶ ತೋರಿಸುವ ಉಚಿತ ತಂತ್ರಾಂಶ ಹಾಕಿ ನೋಡುತ್ತಿರಿ. ಕೆಲಸದ ನಡುವೆ 80 ಡಿಗ್ರಿ ದಾಟುತ್ತಿದ್ದರೆ ವೇಗ ಒಂದು ಹಂತ ಏರಿಸಿ. ಕರಕರ ಸದ್ದಾದರೆ ಹೆಚ್ಚಾಗಿ ಬೇರಿಂಗ್ ಸವೆದಿರುತ್ತದೆ. ಆಗ ಫ್ಯಾನನ್ನೇ ಬದಲಾಯಿಸಬೇಕು.