ನಲ್ಲಿಯ ಹೊಳಪು, ತೊಳೆಯುವ ಕೈ

ಹೊನ್ನಾಳಿಯು ತುಂಗಭದ್ರೆಯ ತೀರದಲ್ಲಿದ್ದರೂ ಸುತ್ತಣ ಹಳ್ಳಿಗಳ ಅನೇಕ ಮನೆಗಳು ಕೊಳವೆಬಾವಿಯನ್ನೇ ನೆಚ್ಚಿವೆ. ಗಡಸು ನೀರಿನ ಹನಿಯು ಸ್ನಾನಗೃಹದ ನಲ್ಲಿಯ ಮೇಲೆ ಆರಿದಾಗ ಅದರೊಳಗಿನ ಸುಣ್ಣದ ಅಂಶವು ಬಿಳಿಯ ಕಲೆಯಾಗಿ ಉಳಿಯುತ್ತದೆ. ಆದುದರಿಂದ ಹೊಸ ಮನೆ ಕಟ್ಟಿಸುವವರು ನಲ್ಲಿಯ ಅಂದವನ್ನಷ್ಟೇ ನೋಡದೆ, ಅದನ್ನು ನಿತ್ಯವೂ ತೊಳೆಯುವ ಕೈಗಳನ್ನು ನೆನೆಯಬೇಕು.

ಕನ್ನಡಿಯಂತಹ ಕ್ರೋಮಿಯಂ ಲೇಪವು ಗಟ್ಟಿಯಾದುದು, ನುಣುಪಾದುದು. ಕಲೆ ಬೇಗ ಕಂಡರೂ ಬೇಗ ಹೋಗುತ್ತದೆ. ಮಂದ ಹೊಳಪಿನ ಸ್ಟೀಲಿನಲ್ಲಿ ಕಲೆ ಅಷ್ಟಾಗಿ ಕಾಣದು. ಕಪ್ಪು ಲೇಪದ ಮೇಲೆ ಅದು ಎದ್ದು ತೋರುತ್ತದೆ. ಲೇಪವಿಲ್ಲದ ಹಿತ್ತಾಳೆಯು ಮತ್ತೆ ಮತ್ತೆ ಹುಣಸೆಹಣ್ಣನ್ನು ಬೇಡುತ್ತದೆ. ಕೆತ್ತನೆಯ ಸಂದುಗಳಲ್ಲಿ ಕೊಳೆ ಕೂರುತ್ತದೆ.

ಶೌಚಾಲಯ ತೊಳೆಯುವ ಆಸಿಡ್ಡನ್ನು ನಲ್ಲಿಗೂ ಸವರಲು ನಾನೇ ಒಮ್ಮೆ ಹೇಳಿದ್ದೆ. ಕಲೆಯೊಡನೆ ಲೇಪವೂ ಹೋಯಿತು. ಸೊಸೆಯು ಕೆಮ್ಮಿ ಕೆಮ್ಮಿ ಹೊರಗೆ ಬಂದಳು. ಅಂದಿನಿಂದ ಕ್ರೋಮಿಯಂ ನಲ್ಲಿಗೆ ನೀರು ಬೆರೆಸಿದ ನಿಂಬೆರಸದಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಸುತ್ತಿ, ತೊಳೆದು, ಒರೆಸುತ್ತೇವೆ. ಮಿಂದವರೇ ಹೊರಬರುವ ಮುನ್ನ ಒಣಬಟ್ಟೆಯಾಡಿಸಿದರೆ ಆ ಶ್ರಮವೂ ಬಹುಮಟ್ಟಿಗೆ ತಪ್ಪುತ್ತದೆ.

ಅಂಗಡಿಯವನನ್ನು ಕೇಳುವ ಮೊದಲು, ಮನೆಯಲ್ಲಿ ತೊಳೆಯುವವರನ್ನು ಕೇಳಿರಿ.