ಕ್ಯಾನ್ಸರ್‌ಗೆ ‘ಕರೆಂಟ್’ ಕೊಡಿಸಿಕೊಂಡವರ ಮೈಯಿಂದ ವಿಕಿರಣ ಬರುತ್ತದೆಯೇ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಕ್ಯಾನ್ಸರ್ ರೋಗಿಗಳು ರೇಡಿಯೇಷನ್ ಚಿಕಿತ್ಸೆಗೆ ಕಲಬುರಗಿ, ಸೊಲ್ಲಾಪುರ ಇಲ್ಲವೇ ಹೈದರಾಬಾದಿಗೆ ಹೋಗುತ್ತಾರೆ. ಜನರ ಮಾತಿನಲ್ಲಿ ಇದು ‘ಕರೆಂಟ್ ಕೊಡುವುದು’. ಚಿಕಿತ್ಸೆ ಪಡೆದವರ ಮೈಯಿಂದ ವಿಕಿರಣ ಬರುತ್ತದೆಂದು ಹೆದರಿ ತಟ್ಟೆ-ಲೋಟ ಬೇರೆ ಮಾಡುವವರಿದ್ದಾರೆ, ಮೊಮ್ಮಕ್ಕಳನ್ನು ಹತ್ತಿರ ಬಿಡದವರೂ ಇದ್ದಾರೆ. ಇದು ಎಷ್ಟು ನಿಜ?

ಭಯಕ್ಕೆ ಕಾರಣವೇನು?

ಯಂತ್ರದಿಂದ ಬರುವ ಎಕ್ಸ್-ರೇ ಬೆಳಕಿನಂತೆ. ಸ್ವಿಚ್ ಆರಿಸಿದೊಡನೆ ಅದು ಇಲ್ಲವಾಗುತ್ತದೆ, ಮೈಯಲ್ಲಿ ಉಳಿಯುವುದಿಲ್ಲ. ಆದರೆ 10 ಮೆಗಾವೋಲ್ಟ್‌ಗಿಂತ ಹೆಚ್ಚಿನ ಶಕ್ತಿಯಲ್ಲಿ ಚಿಕಿತ್ಸೆ ಕೊಡುವಾಗ, ಯಂತ್ರದೊಳಗಿನ ಟಂಗ್‌ಸ್ಟನ್, ಸೀಸದ ಭಾಗಗಳಿಂದ ಸ್ವಲ್ಪ ನ್ಯೂಟ್ರಾನ್‌ಗಳೂ ಹೊರಬೀಳುತ್ತವೆ. ನ್ಯೂಟ್ರಾನ್ ತಗುಲಿದ ವಸ್ತು ತಾನೇ ವಿಕಿರಣಶೀಲ ಆಗಬಹುದು. 6 ಮೆಗಾವೋಲ್ಟ್ ಚಿಕಿತ್ಸೆಯಲ್ಲಿ ಇವು ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ಅಳೆಯುವುದು ಹೇಗೆ?

ನ್ಯೂಟ್ರಾನ್‌ಗೆ ವಿದ್ಯುದಂಶವಿಲ್ಲ, ಹಾಗಾಗಿ ಅದನ್ನು ನೇರವಾಗಿ ಪತ್ತೆ ಹಚ್ಚುವುದು ಕಷ್ಟ. ವಿಜ್ಞಾನಿಗಳು ಅದರ ಗುಣವನ್ನೇ ಬಳಸಿಕೊಳ್ಳುತ್ತಾರೆ. ತೆಳುವಾದ ಲೋಹದ ಹಾಳೆಗಳನ್ನು ಯಂತ್ರದ ಬಳಿ ಇಟ್ಟು, ಆಮೇಲೆ ಅವು ಎಷ್ಟು ವಿಕಿರಣಶೀಲವಾಗಿವೆ ಎಂದು ಗಾಮಾ ಕಿರಣ ಎಣಿಸಿ ನೋಡುತ್ತಾರೆ.

ತೊಗರಿ ಬೇಳೆಯನ್ನು ಬೇರೆ ಬೇರೆ ಜರಡಿಗಳಲ್ಲಿ ಸೋಸುವುದನ್ನು ನೆನಪಿಸಿಕೊಳ್ಳಿ. ಪ್ರತಿ ಜರಡಿಯೂ ತನ್ನ ತೂತಿಗಿಂತ ದೊಡ್ಡದನ್ನು ಮಾತ್ರ ಮೇಲೆ ಉಳಿಸಿಕೊಳ್ಳುತ್ತದೆ. ಒಂದೊಂದು ಲೋಹವೂ ಹಾಗೆಯೇ:

• ಚಿನ್ನ ಮುಖ್ಯವಾಗಿ ನಿಧಾನದ ನ್ಯೂಟ್ರಾನ್‌ಗಳನ್ನು ಹಿಡಿಯುತ್ತದೆ. ಆಗ ಹುಟ್ಟುವ ಚಿನ್ನ-198ರ ಅರ್ಧಾಯುಷ್ಯ ಸುಮಾರು 2.7 ದಿನ.
• ಅಲ್ಯೂಮಿನಿಯಂ ಸೋಡಿಯಂ-24 ಆಗಬೇಕಾದರೆ ನ್ಯೂಟ್ರಾನ್ ಶಕ್ತಿ ಸುಮಾರು 60 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಇರಬೇಕು. ಅರ್ಧಾಯುಷ್ಯ 15 ಗಂಟೆ.
• ಬಿಸ್ಮತ್ ಲೋಹ ಬಿಸ್ಮತ್-206 ಆಗಲು 2.2 ಕೋಟಿಗೂ ಹೆಚ್ಚು ಎಲೆಕ್ಟ್ರಾನ್ ವೋಲ್ಟ್ ಬೇಕು. ಪ್ರೋಟಾನ್ ಚಿಕಿತ್ಸೆಯಂಥ ದೊಡ್ಡ ಯಂತ್ರಗಳ ಬಳಿ ಇಂಥ ಹಾಳೆ ಉಪಯುಕ್ತ.

ಎಲ್ಲ ಹಾಳೆಗಳ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟರೆ, ಯಾವ ಶಕ್ತಿಯ ನ್ಯೂಟ್ರಾನ್ ಎಷ್ಟಿವೆ ಎಂಬ ಚಿತ್ರ ಸಿಗುತ್ತದೆ. ನ್ಯೂಟ್ರಾನ್ ತಗುಲಿದ ವಸ್ತು ವಿಕಿರಣಶೀಲ ಆಗುತ್ತದೆಂದು 1934ರಲ್ಲೇ ಎನ್ರಿಕೊ ಫರ್ಮಿ ತೋರಿಸಿದ್ದರು.

ಹಾಗಾದರೆ ರೋಗಿಯ ಗತಿ?

ಇಂಥ ಅಳತೆಗಳಿಂದ ತಿಳಿದದ್ದು ಇಷ್ಟು: ಹೆಚ್ಚು ಶಕ್ತಿಯ ಯಂತ್ರದ ಲೋಹದ ಭಾಗಗಳು ಸ್ವಲ್ಪ ಹೊತ್ತು ವಿಕಿರಣಶೀಲ ಆಗುತ್ತವೆ. ಆ ಕೋಣೆಗೆ ದಪ್ಪ ಕಾಂಕ್ರೀಟ್ ಗೋಡೆ, ನ್ಯೂಟ್ರಾನ್ ತಡೆಯುವ ಬಾಗಿಲು ಇರುವುದು ಯಂತ್ರ ನಡೆಯುವಾಗ ಬರುವ ಎಕ್ಸ್-ರೇ, ನ್ಯೂಟ್ರಾನ್‌ಗಳನ್ನು ತಡೆಯಲು. ರೋಗಿಯ ದೇಹದಲ್ಲಿ ಹುಟ್ಟುವ ವಿಕಿರಣ ಮಾತ್ರ ತೀರಾ ಅತ್ಯಲ್ಪ. ಅದರಿಂದ ಮನೆಯವರಿಗೆ ಅಪಾಯವಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಒಟ್ಟಿಗೆ ಕೂತು ಉಣ್ಣಬಹುದು.

ಇದನ್ನು ಮಾತ್ರ ಗಮನಿಸಿ

ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣಶೀಲ ಅಯೋಡಿನ್ ಕುಡಿಸಿದ್ದರೆ ಅಥವಾ ವಿಕಿರಣದ ಬೀಜಗಳನ್ನು ದೇಹದೊಳಗೇ ಬಿಟ್ಟಿದ್ದರೆ ಮಾತು ಬೇರೆ. ಆಗ ಎಷ್ಟು ದಿನ ದೂರವಿರಬೇಕೆಂದು ವೈದ್ಯರೇ ಹೇಳುತ್ತಾರೆ, ಅದನ್ನು ತಪ್ಪದೆ ಪಾಲಿಸಿ. ಉಳಿದಂತೆ, ಹೆದರಿಕೆಯಿಂದ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಗುಣವಾಗುವ ಸಾಧ್ಯತೆಯೇ ಕುಗ್ಗುತ್ತದೆ. ‘ಕರೆಂಟ್ ಕೊಡಿಸಿಕೊಂಡವರಿಂದ ದೂರವಿರಿ’ ಎಂಬ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ಯೋಚಿಸಿ.